ತೋಪು ಕರಗಿ ನೇಗಿಲಾದುದು

ಸತುವು ೪೨೦ ಡಿಗ್ರಿ ಸೆಂಟಿಗ್ರೇಡಿಗೆ, ತಾಮ್ರವು ೧೦೮೫ಕ್ಕೆ, ಶುದ್ಧ ಕಬ್ಬಿಣವು ೧೫೩೮ಕ್ಕೆ ಕರಗುವುವೆಂದು ನಮ್ಮ ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ಆದರೆ ಸಾಂಗಲಿ-ಮಿರಜ ಸೀಮೆಯ ಹೊಲಗಳ ಚರಿತ್ರೆಯಲ್ಲಿ ಈ ಅಂಕಿಗಳ ಪಾತ್ರ ಅಲ್ಪವಾದುದಲ್ಲ.

ನಮ್ಮ ಪೂರ್ವಿಕರು ಕಬ್ಬಿಣವನ್ನು ಅರಿಯದವರಲ್ಲ. ಆದರೆ ಹಳ್ಳಿಯ ಕುಲುಮೆಯ ಶಾಖವು ಅದನ್ನು ಮೆದುಗೊಳಿಸಬಲ್ಲುದೇ ಹೊರತು ನೀರಾಗಿ ಹರಿಯಿಸಲಾರದು. ಕಮ್ಮಾರನು ಕಾಯಿಸಿ ಬಡಿದೇ ರೂಪಕ್ಕೆ ತರಬೇಕು. ಬಡಿದು ಗುಳವನ್ನು ಮಾಡಬಹುದು. ಇಡೀ ನೇಗಿಲನ್ನು ಮಾಡುವುದು ರೈತನ ಕೈಗೆಟುಕದ ಮಾತು. ಆದುದರಿಂದಲೇ ನೇಗಿಲು ಮರದ್ದಾಗಿಯೂ ಅದರ ಗುಳವೊಂದೇ ಕಬ್ಬಿಣದ್ದಾಗಿಯೂ ಶತಮಾನಗಳು ಕಳೆದವು.

ಈ ತೊಡಕನ್ನು ಬಿಡಿಸಿದುದು ಒಂದು ಅಲೋಹ. ಅದೇ ಇಂಗಾಲ. ಅದರ ಒಂದು ರೂಪವಾದ ಗ್ರಾಫೈಟು ಸಾಮಾನ್ಯ ವಾಯುಭಾರದಲ್ಲಿ ಕರಗುವುದೇ ಇಲ್ಲ; ೩೬೦೦ ಡಿಗ್ರಿಗೂ ಮೇಲೆ ನೇರವಾಗಿ ಆವಿಯಾಗುತ್ತದೆ. ಹೀಗೆ ತಾನು ಕರಗದ ಇಂಗಾಲವು ನೂರಕ್ಕೆ ನಾಲ್ಕು ಪಾಲಿನಷ್ಟು ಬೆರೆತರೆ ಕಬ್ಬಿಣವು ಸುಮಾರು ೧೧೫೦ ಡಿಗ್ರಿಗೇ ಕರಗುತ್ತದೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟದಿರುವುದನ್ನು ನೆನೆದರೆ ಇದರ ಮರ್ಮ ತಿಳಿದೀತು. ಇದೇ ಎರಕದ ಕಬ್ಬಿಣ. ಅಚ್ಚಿನಲ್ಲಿ ಹೊಯ್ದರೆ ಒಂದೇ ಮಾದರಿಯ ನೂರು ಭಾಗಗಳು ದೊರೆಯುವುವು.

ಈ ಗುಣವನ್ನು ರೈತನ ಸೇವೆಗೆ ತಂದವರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಪ್ರಮುಖರು. ೧೮೬೯ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಇವರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲಿನವರೆಗೆ ಬಂದರು. ೧೯೧೦ರಲ್ಲಿ ಔಂಧ ಸಂಸ್ಥಾನಕ್ಕೆ ಸೇರಿದ್ದ, ಕುಂಡಲ ರೋಡ್ ನಿಲ್ದಾಣದ ಬಳಿಯ ಬರಡು ನೆಲಕ್ಕೆ ಕಾರ್ಖಾನೆಯನ್ನು ಸಾಗಿಸಿದರು. ಅದೇ ಇಂದಿನ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿ.

ಮೊದಮೊದಲು ನೇಗಿಲುಗಳು ಮಾರಾಟವಾಗಲಿಲ್ಲ. ಕಬ್ಬಿಣವು ಭೂಮಿಗೆ ವಿಷವೆಂದು ರೈತರು ಅಂಜಿದರು. ಇದನ್ನು ಮೌಢ್ಯವೆಂದು ನಗುವುದು ಸುಲಭ. ಆದರೆ ಒಂದೇ ಹೊಲವನ್ನು ನಂಬಿದವನಿಗೆ ಒಂದು ಬೆಳೆ ಕೆಟ್ಟರೂ ವರ್ಷದ ಅನ್ನವೇ ಹೋದಂತೆ. ಅವನ ಅಂಜಿಕೆಯನ್ನು ತೊಡೆದುದು ವಾದವಲ್ಲ, ಉತ್ತ ನೆಲ.

ಬೇಡಿಕೆ ಬೆಳೆದ ಮೇಲೆ ಮೊದಲನೆಯ ಮಹಾಯುದ್ಧ ಬಂದಿತು; ಎರಕದ ಕಚ್ಚಾ ಕಬ್ಬಿಣ ದುರ್ಲಭವಾಯಿತು. ಆಗ ಕೊಲ್ಹಾಪುರದ ಶಾಹೂ ಮಹಾರಾಜರು ಪನ್ಹಾಳಗಡದಲ್ಲಿ ಬಿದ್ದಿದ್ದ ಹಳೆಯ ತೋಪುಗಳನ್ನು ಕೊಡಿಸಿದರು. ಅವನ್ನು ಒಡೆದು ಕರಗಿಸಿ ನೇಗಿಲುಗಳಿಗೆ ಎರಕ ಹೊಯ್ದರು. ಜಗತ್ತು ನೇಗಿಲನ್ನು ಬಿಟ್ಟು ತೋಪುಗಳನ್ನು ಮಾಡುತ್ತಿದ್ದ ಕಾಲವದು!

ಎರಕದ ಕಬ್ಬಿಣಕ್ಕೆ ಒಂದು ದೋಷವುಂಟು: ಅದು ಪೆಡಸು, ಎಳೆದರೆ ತಂತಿಯಾಗದೆ ಮುರಿಯುತ್ತದೆ. ಇಂಗಾಲವು ನೂರಕ್ಕೆ ಒಂದು ಪಾಲಿಗೂ ಕಡಿಮೆಯಾದಾಗ ತಂತಿಗೊದಗುವ ಉಕ್ಕು ದೊರೆಯುತ್ತದೆ. ಅದರ ಫಲವನ್ನು ಕೇಳಬೇಕಾದರೆ ಮಿರಜಕ್ಕೆ ಹೋಗಬೇಕು. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಸಿತಾರ-ತಂಬೂರಿಗಳ ಕೆಲಸಕ್ಕೆ ತೊಡಗಿದರು. ತಂಬೂರಿಯ ಮೇಲಿನ ಶ್ರುತಿಗಳಿಗೆ ಉಕ್ಕಿನ ತಂತಿ. ಮಂದ್ರಕ್ಕೆ ಅದಕ್ಕಿಂತ ಸಾಂದ್ರವಾದ ಹಿತ್ತಾಳೆಯ ತಂತಿ.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಪಟ್ಟಿಯನ್ನು ಕಲಿಸುವ ದಿನ ಮುರಿದ ನೇಗಿಲಿನ ಒಂದು ಚೂರನ್ನೂ ತಂಬೂರಿಯ ಒಂದು ತಂತಿಯನ್ನೂ ತರಗತಿಗೆ ಒಯ್ಯಿರಿ. ಎರಡೂ ಕಬ್ಬಿಣವೇ ಆಗಿರಲು ಒಂದು ಮುರಿಯುವುದೇಕೆ, ಇನ್ನೊಂದು ಬಾಗುವುದೇಕೆ ಎಂದು ಮಕ್ಕಳೇ ಕೇಳಲಿ.