ಥಂಡಿ ನಾಡಿಗೆ ಹ್ವಾದ ಬಿಸಿಲು ನಾಡಿನ ಗಿಡಾ

ಹ್ವಾದ ಡಿಸೆಂಬರಿನ್ಯಾಗ ಇಂಗ್ಲೆಂಡಿನಿಂದ ಮಗಳ ಫೋನ್ ಬಂತು. "ಅವ್ವಾ, ಕರಿಬೇವಿನ ಎಲಿ ಎಲ್ಲಾ ಉದುರಿದ್ವು, ಬರೇ ಕಡ್ಡಿ ಉಳದಾವ. ಕಿತ್ತು ಒಗೀಲೇನು?" ಅಂತ ಅತ್ಲು. ಅಲ್ಲೇ ನರ್ಸರಿಯೊಳಗ ತಗೊಂಡ ಗಿಡಾ ಅದು. ನಮ್ಮ ಹಿತ್ತಲದಾಗ ಬ್ಯಾಡಂದ್ರೂ ಬೆಳಿಯೂ ಗಿಡಕ್ಕ ಅಳೂದೇನು ಅಂತ ಮೊದಲ ನಗು ಬಂತು. ಆಮ್ಯಾಲ ಅನಿಸ್ತು, ಅಲ್ಲಿ ಅದು ಪರದೇಶಿ. ಇಕಿಗೂ ಅಲ್ಲಿ ಅದು ಮೊದಲನೇ ಚಳಿಗಾಲ.

ಥಂಡಿ ದೇಶದವ್ರು ಇಂಥಾ ಗಿಡಾ ಹ್ಯಾಂಗ ಉಳಿಸ್ಕೊಂಡ್ರು ಅಂತ ಹುಡುಕಿ ಓದಿದೆ. ಓದಿದ್ದು ನಿಮಗೂ ಹೇಳ್ತೀನಿ.

ಫ್ರಾನ್ಸಿನ ರಾಜಾ 14ನೇ ಲೂಯಿ ವರ್ಸೇಲ್ಸ್ ಅರಮನಿಯೊಳಗ 1684ರಿಂದ 1686ರತನಕಾ ಕಿತ್ತಳಿ ಗಿಡಕ್ಕಂತನ ಒಂದು ದೊಡ್ಡ ಮನಿ ಕಟ್ಟಿಸಿದಾ. ಅದಕ್ಕ ಒಲಿ ಇಲ್ಲ. ದಪ್ಪ ಗ್ವಾಡಿ, ದಕ್ಷಿಣದ ಬಿಸಿಲಿಗೆ ಮಾರಿ ಮಾಡಿದ ದೊಡ್ಡ ಕಿಟಕಿ, ಅಷ್ಟ. ಈಗೂ ಅಲ್ಲೆ ಕಿತ್ತಳಿ, ನಿಂಬಿ, ದಾಳಿಂಬ್ರಿ, ಕಣಗಲ, ಹಿಂಗ ಸಾವಿರಕ್ಕೂ ಹೆಚ್ಚು ಗಿಡಾ ಕಟ್ಟಿಗಿ ಪೆಟ್ಟಿಗಿಯೊಳಗ ಅವ. ಅಕ್ಟೋಬರ್ ನಡುವ ಒಳಗ ಒಯ್ತಾರ, ಮೇ ನಡುವ ಹೊರಗ ತರ್ತಾರ. ನಮ್ಮಲ್ಲಿ ಬೇಲಿ ಬದಿಗೆ ಬೆಳಿಯೂ ಕಣಗಲಕ್ಕ ಅಲ್ಲಿ ಅರಮನಿ ವಾಸ!

ಇಂಗ್ಲೆಂಡಿನ ಚಾಟ್ಸ್‌ವರ್ತ್‌ನ್ಯಾಗ ಜೋಸೆಫ್ ಪ್ಯಾಕ್ಸ್‌ಟನ್ ಅನ್ನೂ ತೋಟದ ಮುಖ್ಯಸ್ಥ 1836ರಾಗ ಕಟ್ಟಲಿಕ್ಕೆ ಹಿಡಿದ ಗಾಜಿನ ಮನಿಗಂತೂ ಹೆಸರ 'ಗ್ರೇಟ್ ಸ್ಟೋವ್', ಅಂದ್ರ ದೊಡ್ಡ ಒಲಿ. ಉದ್ದ 277 ಅಡಿ. ಒಳಗ ಸಾರೋಟು ಹಾಯ್ದು ಹೋಗೂವಷ್ಟು ಅಗಲ ದಾರಿ. ನೆಲದ ಕೆಳಗ 8 ಬಾಯ್ಲರ್, ಬಿಸಿನೀರು ಹರಿಯೂ 7 ಮೈಲಿ ಕಬ್ಬಿಣದ ಪೈಪು. ಕಲ್ಲಿದ್ದಲಾ ತರ್ಲಿಕ್ಕೆ ನೆಲದೊಳಗ ಸಣ್ಣ ಹಳಿ. ಆಗ ಆ ದೇಶದಾಗ ಗಾಜಿನ ಮ್ಯಾಲೂ ತೆರಿಗಿ ಇತ್ತು, 1845ರಾಗ ಅದನ್ನ ತಗದ್ರು. ಅಲ್ಲೀತನಕಾ ಇದೆಲ್ಲಾ ಶ್ರೀಮಂತರ ಆಟ.

ಇದೇ ಪ್ಯಾಕ್ಸ್‌ಟನ್ 1851ರ ಲಂಡನ್ ಪ್ರದರ್ಶನಕ್ಕ ಕ್ರಿಸ್ಟಲ್ ಪ್ಯಾಲೇಸ್ ಮಾಡಿದಾ. ಅದನ್ನ ನೋಡೇ ನಮ್ಮ ಲಾಲ್‌ಬಾಗಿನ ಗಾಜಿನ ಮನಿಗೆ 1889ರಾಗ ಕೈ ಹಚ್ಚಿದ್ರು.

ಖರೇ ಹೇಳ್ಬೇಕಂದ್ರ, ನನಗ ಮನಸಿಗೆ ಹತ್ತಿದ್ದು ದೊಡ್ಡ ಒಲಿಯ ಕಡೀ ಕಥಿ. ಮೊದಲನೇ ಮಹಾಯುದ್ಧದಾಗ ಕಾಸಲಿಕ್ಕೆ ಕಲ್ಲಿದ್ದಲಾ ಸಿಗಲಿಲ್ಲ. ಒಳಗಿನ ಗಿಡಾ ಥಂಡಿಗೆ ಸತ್ತು ಹ್ವಾದ್ವು. 1920ರಾಗ ಮದ್ದು ಇಟ್ಟು ಮನೀನ ಕೆಡವಿದ್ರು. ಎಷ್ಟ ದೊಡ್ಡ ಮನಿ ಇದ್ರೇನು, ಒಲಿ ಆರಿದ್ರ ಮುಗೀತು. ಬಚ್ಚಲ ಒಲಿ ಊದಿ ಬೆಳದ ನಮಗ ಇದನ್ನ ಬಿಡಿಸಿ ಹೇಳ್ಬೇಕಾ?

ಮಗಳಿಗೆ ಅಂದೆ: "ಕಿತ್ತು ಒಗೀಬ್ಯಾಡ. ಉಗುರಿಲೆ ಕಡ್ಡಿ ಸ್ವಲ್ಪ ಕೆರದು ನೋಡು. ಒಳಗ ಹಸರ ಇದ್ರ ಜೀವ ಅದ. ಮಣ್ಣು ಆರಿದ ಮ್ಯಾಲಷ್ಟ ನೀರು ಹಾಕು. ಹಗಲೆಲ್ಲಾ ಬೆಳಕಿನ ಕಿಟಕಿಗೆ ಇಡು, ರಾತ್ರಿ ತಣ್ಣನ ಗಾಜಿನಿಂದ ಸರಿಸು." ದಿನಾ ಸಂಜೀಕ ಗಿಡದ ನೆಪಾ ಮಾಡಿ ಫೋನ್ ಮಾಡ್ತಿದ್ಲು. ಗಿಡದ ಮಾತು ಎರಡು ನಿಮಿಷಾ, ಉಳದದ್ದೆಲ್ಲಾ ಮನಸಿನ ಮಾತು.

ಏಪ್ರಿಲಿನ್ಯಾಗ ಫೋಟೋ ಕಳಿಸಿದ್ಲು. ಕಡ್ಡೀ ತುದಿಗೆ ಎರಡು ಕೆಂಪ ಹಸರ ಚಿಗುರು. "ಒಗ್ಗರಣಿಗೆ ಈಗೇ ಹರೀಬ್ಯಾಡವಾ" ಅಂದೆ. ಇಬ್ಬರೂ ನಕ್ವಿ.