ಸಭಾಂಗಣದಿಂದ ಪಾದೆಗೆ

ಉಡುಪಿ ಸೀಮೆಯವರು ಕೇಳುವುದರಲ್ಲಿ ಪಳಗಿದವರು. ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳು ಒಂದೇ ಪ್ರಶ್ನೆಯನ್ನು ಗಂಟೆಗಟ್ಟಲೆ ಜಗ್ಗಾಡಿದರೂ ಎದ್ದುಹೋಗದೆ ಕುಳಿತು, ಯಾರ ಮಾತು ಎಲ್ಲಿ ಸೋತಿತೆಂದು ಮರುದಿನ ಹೋಟೆಲಿನಲ್ಲಿ ತೀರ್ಪು ಹೇಳುವ ಶ್ರೋತೃಗಳು ಇಲ್ಲಿ ಬಹುಕಾಲದಿಂದ ಇದ್ದಾರೆ. ಮಠಗಳ ಪ್ರವಚನ, ಎರಡು ವರ್ಷಕ್ಕೊಮ್ಮೆ ಬರುವ ಪರ್ಯಾಯದ ಸಭೆಗಳು ಈ ಕಿವಿಯನ್ನು ಇನ್ನಷ್ಟು ಹದಗೊಳಿಸಿವೆ. ಆದ್ದರಿಂದ ವಿಜ್ಞಾನ ಉಪನ್ಯಾಸ ಇಲ್ಲಿಗೆ ಬಂದಾಗ ಅದಕ್ಕೆ ಸಭೆ, ಅಧ್ಯಕ್ಷರು, ವಂದನಾರ್ಪಣೆ ಎಲ್ಲವೂ ಸಿದ್ಧವಾಗಿದ್ದವು. ಹೊರಸಂಚಾರಕ್ಕೆ ಅಂಥ ಅನುಕೂಲ ಇರಲಿಲ್ಲ. ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು, ಪಾದೆಯ ಮೇಲೆ ಬಗ್ಗಿ ನಿಂತು ಒಂದು ಹುಲ್ಲಿನ ಹೂವನ್ನು ನೋಡುವವರಿಗೆ ಊರಿನಲ್ಲಿ ಗೊತ್ತಾದ ಸ್ಥಾನವೇ ಇರಲಿಲ್ಲ. ಆದರೂ ಈ ಎರಡರ ಚರಿತ್ರೆಯನ್ನು ಜೊತೆಗಿಟ್ಟು ನೋಡಿದರೆ, ಈ ಸೀಮೆಯಲ್ಲಿ ಬಾಳಿಕೆ ಬಂದ ವಿಜ್ಞಾನ ಹೆಚ್ಚಾಗಿ ನಡೆದುಹೋಗಿ ನೋಡಿದವರಿಂದ ಬಂದಿದೆ ಎಂದು ನನಗೆ ತೋರುತ್ತದೆ. ಉಪನ್ಯಾಸ ಮನಸ್ಸನ್ನು ಸಿದ್ಧ ಮಾಡಿತು, ದಾಖಲೆಯನ್ನು ಕೊಟ್ಟದ್ದು ನಡಿಗೆ. ದಾಖಲೆಯ ಬೆಲೆ ಎಷ್ಟೆಂಬುದು ಕಲ್ಲಿದ್ದಲು ಸ್ಥಾವರ ಬಂದ ಎಲ್ಲೂರಿನಂಥ ಊರುಗಳಲ್ಲಿ ತಡವಾಗಿ ಗೊತ್ತಾಯಿತು.

ಕನ್ನಡದಲ್ಲಿ ವಿಜ್ಞಾನವನ್ನು ಜನರ ಮುಂದೆ ಇಡುವ ಕೆಲಸಕ್ಕೆ ಈ ಕರಾವಳಿಯಲ್ಲಿ ಹೆಗಲು ಕೊಟ್ಟವರಲ್ಲಿ ಪ್ರಮುಖರು ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು. 1930ರ ದಶಕದಲ್ಲಿ ಮಕ್ಕಳಿಗಾಗಿ 'ಬಾಲ ಪ್ರಪಂಚ'ವನ್ನು, ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನು ಬರೆದರು. ವಿಶ್ವವಿದ್ಯಾಲಯವೊಂದು ತಂಡ ಕಟ್ಟಿಕೊಂಡು ಮಾಡಬೇಕಾದ ಕೆಲಸವನ್ನು ಪದವಿಯಿಲ್ಲದ ಒಬ್ಬ ಬರಹಗಾರ ಮಾಡಿದ್ದು ಇಂದಿಗೂ ದೊಡ್ಡ ಸಂಗತಿ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದ ಒಂದು ಮೂಲೆ. ಕಾಲೇಜು ಓದಬೇಕೆಂದರೆ ಮಂಗಳೂರಿಗೆ, ಅದಕ್ಕೂ ಮೇಲೆ ಓದಬೇಕೆಂದರೆ ಮದ್ರಾಸಿಗೆ ಹೋಗಬೇಕಿತ್ತು. ಉಡುಪಿಯಲ್ಲಿ ಎಂ.ಜಿ.ಎಂ. ಕಾಲೇಜು ತೆರೆದದ್ದು 1949ರಲ್ಲಿ. 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಎದ್ದಿತು. 1960ರಲ್ಲಿ ಉಡುಪಿಯ ಪೂರ್ಣಪ್ರಜ್ಞ, ಕಾರ್ಕಳದ ಭುವನೇಂದ್ರ ಕಾಲೇಜುಗಳು ಬಂದವು. ವಿಜ್ಞಾನ ಬಲ್ಲ ಅಧ್ಯಾಪಕರು ಊರಿನಲ್ಲೇ ಮನೆ ಮಾಡಿ ದಶಕಗಳ ಕಾಲ ಉಳಿಯುವಂತಾದದ್ದು ಇದರಿಂದ. ಬೆಂಗಳೂರು, ಮುಂಬಯಿಗಳಲ್ಲಿ ಸಂಶೋಧನಾ ಸಂಸ್ಥೆಗಳು ಮಾಡಿದ ಕೆಲಸವನ್ನು ಇಲ್ಲಿ ಪದವಿ ಕಾಲೇಜಿನ ಮೇಷ್ಟ್ರುಗಳು ಮಾಡಿದರು. ಮಣಿಪಾಲದಿಂದ 1970ರಲ್ಲಿ ಹೊರಟ 'ಉದಯವಾಣಿ' ಅವರ ಲೇಖನಗಳನ್ನು ಹಳ್ಳಿಗಳಿಗೆ ಒಯ್ದಿತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿದ ಮೇಲೆ ಶಾಲೆ ಶಾಲೆಗೂ ಉಪನ್ಯಾಸಕರು ಹೋಗುವ ದಾರಿ ತೆರೆಯಿತು.

ಉಪನ್ಯಾಸಕ್ಕೆ ಸಲ್ಲಬೇಕಾದ ಶ್ರೇಯಸ್ಸು ದೊಡ್ಡದು. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಉತ್ತರ ಕನ್ನಡದ ಕರಾವಳಿಯಿಂದ ಒಳಹೊಕ್ಕು ರಾಯಚೂರಿನತ್ತ ಸಾಗಿತು. ಒಂದು ಜೀವಮಾನದಲ್ಲಿ ಹೆಚ್ಚಿನವರಿಗೆ ಸಿಗದ ಆ ನೋಟವನ್ನು ಬಿಟ್ಟು, ಬಹಳ ಊರುಗಳಲ್ಲಿ ಜನ ಕಿಟಕಿ ಬಾಗಿಲು ಮುಚ್ಚಿ ಒಳಗೆ ಕುಳಿತರು. 2019ರ ಡಿಸೆಂಬರ್ 26ರಂದು ಕಂಕಣ ಗ್ರಹಣ ಕಾಸರಗೋಡು, ಮಂಗಳೂರುಗಳ ಮೇಲೆ ಹಾದಾಗ ಕರಾವಳಿಯ ಕಾಲೇಜು ಮೈದಾನಗಳಲ್ಲಿ ಮಕ್ಕಳು ಸೋಸುಕನ್ನಡಕ ಹಿಡಿದು ಸಾಲುಗಟ್ಟಿದ್ದರು. ಈ ನಲವತ್ತು ವರ್ಷಗಳ ನಡುವೆ ಬಹಳಷ್ಟು ಮಾತು, ಬರಹ, ಪ್ರಾತ್ಯಕ್ಷಿಕೆ ನಡೆದಿದೆ. ಪೂರ್ಣಪ್ರಜ್ಞದ ಭೌತಶಾಸ್ತ್ರ ಅಧ್ಯಾಪಕರಾಗಿದ್ದ ಡಾ. ಎ.ಪಿ. ಭಟ್ಟರು ಮತ್ತು ಆ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘದ ಪಾಲು ಅದರಲ್ಲಿ ಹಿರಿದು. ಆದರೆ ಖಗೋಳದಲ್ಲೂ ಜನರನ್ನು ಗೆದ್ದದ್ದು ಹೊರಗೆ ಬಂದು ನೋಡಿದ ಅನುಭವ. ಏಪ್ರಿಲ್ 25ರ ಸುಮಾರಿಗೆ ಉಡುಪಿಯಲ್ಲಿ ನಡುಹಗಲು ಸೂರ್ಯ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಭೂಮಿಯ ಓರೆ ಎಷ್ಟೆಂದು ಒಂದು ಗಂಟೆ ವಿವರಿಸುವುದಕ್ಕಿಂತ ಆ ಒಂದು ನಿಮಿಷ ಹೆಚ್ಚು ಕಲಿಸುತ್ತದೆ. ಆಗಸ್ಟಿನಲ್ಲೂ ಅದೇ ಘಟನೆ ಮರಳುತ್ತದೆ, ಆದರೆ ಆಗ ನಮ್ಮಲ್ಲಿ ಸೂರ್ಯ ಕಾಣುವುದೇ ಅಪರೂಪ. ಬೇಸಗೆ ಆಕಾಶ ನೋಡುವವರದು, ಮಳೆಗಾಲ ನೆಲ ನೋಡುವವರದು. ಇವೆರಡೂ ಒಂದೇ ಊರಿನಲ್ಲಿ ಬೆಳೆಯಲು ಹವಾಮಾನವೂ ಒಂದಿಷ್ಟು ಕಾರಣ.

ನೆಲ ನೋಡಿದವರ ಕೆಲಸ ಹೆಚ್ಚು ಮೌನದ್ದು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕಾರ್ಕಳ, ಉಡುಪಿ ಮಾರ್ಗವಾಗಿ ಹೋಗುತ್ತ ಬೆಳೆ, ತೆರಿಗೆ, ಮಣ್ಣು, ಕಲ್ಲು ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡ. ಅದು ಕಂಪನಿ ಸರ್ಕಾರಕ್ಕೆ ಬೇಕಿದ್ದ ಲೆಕ್ಕ, ಒಂದು ಋತುವಿನಲ್ಲಿ ಹಾದುಹೋದವನ ಕಣ್ಣಿಗೆ ಬಿದ್ದಷ್ಟು ಮಾತ್ರ. ಹಾದುಹೋಗುವವನಿಗೂ ಇದ್ದು ನೋಡುವವನಿಗೂ ಇರುವ ಅಂತರವನ್ನು ಪೂರ್ಣಪ್ರಜ್ಞ ಕಾಲೇಜಿನ ಸಸ್ಯಶಾಸ್ತ್ರಜ್ಞ ಕೆ. ಗೋಪಾಲಕೃಷ್ಣ ಭಟ್ಟರ ಕೆಲಸದಲ್ಲಿ ಕಾಣಬಹುದು. ಅವರ 'ಫ್ಲೋರಾ ಆಫ್ ಉಡುಪಿ' 2003ರಲ್ಲಿ, ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳನ್ನು ಒಳಗೊಂಡ 'ಫ್ಲೋರಾ ಆಫ್ ಸೌತ್ ಕೆನರಾ' 2014ರಲ್ಲಿ ಪ್ರಕಟವಾದವು. ಒಂದು ನಾಡಿನ ಸಸ್ಯಕೋಶ ಗ್ರಂಥಾಲಯದಲ್ಲಿ ಕುಳಿತು ಬರೆಯುವಂಥದ್ದಲ್ಲ. ಒಂದೇ ಗಿಡವನ್ನು ಹೂವಿರುವಾಗ ಒಮ್ಮೆ, ಕಾಯಿ ಕಟ್ಟಿದಾಗ ಇನ್ನೊಮ್ಮೆ ನೋಡಬೇಕು. ಮಾದರಿ ಕಿತ್ತು, ಒತ್ತಿ, ಒಣಗಿಸಿ, ಎಲ್ಲಿ ಯಾವ ದಿನ ಸಿಕ್ಕಿತೆಂದು ಚೀಟಿ ಹಚ್ಚಿ ಇಡಬೇಕು. ಅದೇ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದ ಎನ್.ಎ. ಮಧ್ಯಸ್ಥರು ಯಾರೂ ಗಮನಿಸದ ಬಸವನಹುಳುಗಳನ್ನೂ ಚಿಪ್ಪಿನ ಜೀವಿಗಳನ್ನೂ ಹಿಂಬಾಲಿಸಿದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ನೋಡಹೊರಡುವುದನ್ನೇ ಬಿ.ಜಿ.ಎಲ್. ಸ್ವಾಮಿಯವರು 'ಹಸುರು ಹೊನ್ನು'ವಿನಲ್ಲಿ ಸಾಹಿತ್ಯವಾಗಿಸಿದರು, ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಅಂಥ ಸಂಚಾರ ಪರೀಕ್ಷೆಗೆ ಬೇಕಾದ ಶಾಸ್ತ್ರವಾಗಿ ಮುಗಿಯದೆ ಬದುಕಿಡೀ ಮುಂದುವರಿದರೆ ಏನಾಗುತ್ತದೆಂಬುದಕ್ಕೆ ಉಡುಪಿಯ ಈ ಅಧ್ಯಾಪಕರೇ ಸಾಕ್ಷಿ.

ಇವರ ಹಾದಿಯಲ್ಲಿ ಬಂದ ಹೊಸಬರ ಕಥೆ ಮಣಿಪಾಲದ ಮುರಕಲ್ಲಿನ ಪಾದೆಗಳದ್ದು. ಹಳೆಯ ಕಂದಾಯ ಕಡತಗಳಲ್ಲಿ ಇಂಥ ನೆಲಕ್ಕೆ ಪರಂಬೋಕು ಎಂದೋ ಬಂಜರು ಎಂದೋ ಹೆಸರು. ಬೆಳೆಯಿಲ್ಲ, ತೀರ್ವೆಯಿಲ್ಲ, ಆದ್ದರಿಂದ ಏನೂ ಇಲ್ಲ ಎಂಬುದು ಆ ಲೆಕ್ಕ. ಕಲ್ಲಿನ ಕೋರೆಗೆ, ಕಟ್ಟಡಕ್ಕೆ, ಕಸ ಸುರಿಯಲು ಮೊದಲು ಕೊಡುವುದು ಇದನ್ನೇ. ಬೇಸಗೆಯಲ್ಲಿ ನೋಡಿದರೆ ಆ ಲೆಕ್ಕ ನಿಜವೆಂದೇ ತೋರುತ್ತದೆ: ಕಾದ ಕಲ್ಲು, ಒಣಹುಲ್ಲು, ಅಷ್ಟೇ. ಜೂನಿನ ಮೊದಲ ಮಳೆ ಬಿದ್ದು ಕಲ್ಲಿನ ಕುಳಿಗಳಲ್ಲಿ ನೀರು ನಿಂತಿತೆಂದರೆ ಚಿತ್ರವೇ ಬೇರೆ. ಹುಳ ಹಿಡಿದು ತಿನ್ನುವ ಪುಟ್ಟ ಗಿಡಗಳು, ಬಿಳಿ ಗುಂಡಿಯಂಥ ಹೂ ಬಿಡುವ ಜೊಂಡುಗಳು ನಾಲ್ಕು ತಿಂಗಳಲ್ಲಿ ಹುಟ್ಟಿ, ಹೂತು, ಬೀಜ ಚೆಲ್ಲಿ ಮುಗಿಯುತ್ತವೆ. ಮಣಿಪಾಲದಲ್ಲಿ ಪಕ್ಷಿವೀಕ್ಷಣೆಯಲ್ಲಿ ತೊಡಗಿದ್ದ ರಮಿತ್ ಸಿಂಗಲ್ ಮತ್ತು ಗೆಳೆಯರು ಜನರನ್ನು ಸೇರಿಸಿಕೊಂಡು ಈ ಪಾದೆಗಳ ಜೀವಿಗಳನ್ನು ದಾಖಲಿಸಹೊರಟಾಗ, ಹೆಬ್ಬೆರಳ ಉಗುರಿನಷ್ಟಿರುವ ಒಂದು ಕಪ್ಪೆ ಕಣ್ಣಿಗೆ ಬಿತ್ತು. ಉದ್ದ ಸುಮಾರು 1.6 ಸೆಂಟಿಮೀಟರು. ಅದರ ಕೂಗು ಜೀರುಂಡೆಯದೆಂದು ಕೇಳಿದವರು ಸುಮ್ಮನಾಗಬಹುದಾದಷ್ಟು ಹೋಲಿಕೆ. ಕೆ.ಎಸ್. ಶೇಷಾದ್ರಿ, ಕೆ.ವಿ. ಗುರುರಾಜ ಮೊದಲಾದ ಕಪ್ಪೆತಜ್ಞರು ಜೊತೆಗೂಡಿ ಅಳತೆ, ಧ್ವನಿಮುದ್ರಣ, ವಂಶವಾಹಿ ಪರೀಕ್ಷೆ ಮುಗಿಸಿ, ಅದು ಜಗತ್ತಿಗೆ ಹೊಸ ಪ್ರಭೇದವೆಂದು 2016ರಲ್ಲಿ ಪ್ರಕಟಿಸಿದರು. ಮೈಕ್ರೊಹೈಲಾ ಲ್ಯಾಟರೈಟ್ ಎಂದು ಮುರಕಲ್ಲಿನ ಹೆಸರನ್ನೇ ಇಟ್ಟರು, ಆ ನೆಲದತ್ತ ಜನ ತಿರುಗಿ ನೋಡಲಿ ಎಂದು. ವಿಶ್ವವಿದ್ಯಾಲಯ, ಆಸ್ಪತ್ರೆ, ವಸತಿಗೃಹಗಳು ತುಂಬಿದ ಪಟ್ಟಣದ ಮಗ್ಗುಲಲ್ಲಿ, ದಿನವೂ ಸಾವಿರಾರು ಓದಿದ ಜನ ಓಡಾಡುವ ಕಡೆ, ಒಂದು ಪ್ರಾಣಿ 2016ರವರೆಗೆ ಹೆಸರಿಲ್ಲದೆ ಇತ್ತು. ಬಂಜರು ಎಂಬ ಸರ್ಕಾರಿ ಷರಾಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರ ನನಗೆ ತಿಳಿದಿಲ್ಲ.

ಇದೆಲ್ಲ ಸರಿ, ಆದರೆ ಪಟ್ಟಿಗಳು ಯಾವುದನ್ನು ತಡೆದವು ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಕೈಗಾ ಪರಮಾಣು ಸ್ಥಾವರದ ವಿರುದ್ಧ ಕಾರಂತರಷ್ಟು ಹೆಸರುಳ್ಳವರು ಊರೂರಿನಲ್ಲಿ ಮಾತಾಡಿದರು, ನ್ಯಾಯಾಲಯಕ್ಕೆ ಹೋದರು, 1989ರಲ್ಲಿ ಲೋಕಸಭೆಗೂ ಸ್ಪರ್ಧಿಸಿದರು, ಆದರೂ ಸ್ಥಾವರ ಬರುವುದು ನಿಲ್ಲಲಿಲ್ಲ. ಎಲ್ಲೂರಿನಲ್ಲಿ ತಲಾ 600 ಮೆಗಾವಾಟಿನ ಎರಡು ಕಲ್ಲಿದ್ದಲು ಘಟಕಗಳು 2010ರಿಂದ 2012ರ ನಡುವೆ ವಿದ್ಯುತ್ ಕೊಡತೊಡಗಿದವು. ಬಾವಿ ನೀರು ಉಪ್ಪಾಯಿತು, ಹಾರುಬೂದಿಯಿಂದ ಮಲ್ಲಿಗೆ ಸೊರಗಿತು ಎಂಬುದು ಊರವರ ದೂರು. ನಂದಿಕೂರಿನ ಜನಜಾಗೃತಿ ಸಮಿತಿಯ ಹೋರಾಟ ಹಸಿರು ನ್ಯಾಯಮಂಡಳಿಯ ಮುಂದೆ ವರ್ಷಗಟ್ಟಲೆ ನಡೆದು, 2022ರಲ್ಲಿ ಕಂಪನಿ ಪರಿಹಾರ ಕಟ್ಟಬೇಕೆಂಬ ಆದೇಶ ಬಂತು. ಇಂಥ ಮೊಕದ್ದಮೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು 'ಮೊದಲು ಹೇಗಿತ್ತು' ಎಂಬ ಪ್ರಶ್ನೆಯಲ್ಲಿ. ಬಾವಿಯ ನೀರು ಯಾವ ತಿಂಗಳಲ್ಲಿ ಎಷ್ಟು ಸಿಹಿ ಇತ್ತು, ಒಂದು ಮಲ್ಲಿಗೆ ಗಿಡ ಎಷ್ಟು ಅಟ್ಟೆ ಹೂ ಕೊಡುತ್ತಿತ್ತು, ಗದ್ದೆಯಂಚಿನಲ್ಲಿ ಯಾವ ಕಪ್ಪೆ ಕೂಗುತ್ತಿತ್ತು ಎಂದು ಸ್ಥಾವರ ಬರುವ ಮುಂಚೆಯೇ ದಿನಾಂಕ ಸಹಿತ ಬರೆದಿಟ್ಟಿದ್ದರೆ ಮಾತ್ರ ಅದಕ್ಕೆ ಉತ್ತರವಿರುತ್ತದೆ. ಹಾನಿಯಾದ ಮೇಲೆ ತಜ್ಞರ ಸಮಿತಿ ಬಂದು ಆ ಉತ್ತರವನ್ನು ಹುಟ್ಟಿಸಲಾರದು. ಕೇರಳದ ಸೈಲೆಂಟ್ ವ್ಯಾಲಿ ಉಳಿದದ್ದರಲ್ಲಿ ಕವಿಗಳ ಪಾಲೂ ಇತ್ತು, ರಾಜಕಾರಣದ ಪಾಲೂ ಇತ್ತು. ಆದರೆ ಆ ಕಾಡಿನಲ್ಲಿ ಏನೇನಿದೆ, ಅಣೆಕಟ್ಟಿನಿಂದ ನಿಜಕ್ಕೂ ಸಿಗುವುದೇನು ಎಂದು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಕಾಗದದ ಮೇಲೆ ಇಟ್ಟದ್ದರಿಂದ ವಾದಕ್ಕೆ ನೆಲೆ ಸಿಕ್ಕಿತು. ಪಟ್ಟಿ ಒಂದೇ ಯಾವುದನ್ನೂ ತಡೆಯುವುದಿಲ್ಲ, ನಿಜ. ಪಟ್ಟಿಯಿಲ್ಲದ ಹೋರಾಟ ಬರಿಗೈಯಲ್ಲಿ ಹೋಗುತ್ತದೆ ಎಂಬುದೂ ಅಷ್ಟೇ ನಿಜ.

ಕಾಪು ತಾಲೂಕಿನ ಮಟ್ಟು ಗ್ರಾಮದ ಗುಳ್ಳ ಬದನೆಯನ್ನು ಇಲ್ಲಿ ನೆನೆಯಬೇಕು. ಬಿಟಿ ಬದನೆಯ ಚರ್ಚೆ ದೇಶದಲ್ಲಿ ಎದ್ದಾಗ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕುಲಾಂತರಿ ಮಾಡಲು ಆರಿಸಿಕೊಂಡ ನಾಡತಳಿಗಳಲ್ಲಿ ಉಡುಪಿಯದೂ ಇತ್ತು. 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬಿಟಿ ಬದನೆಯನ್ನು ತಡೆಹಿಡಿಯುವ ಮುನ್ನ ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ನಡೆದ ಸಾರ್ವಜನಿಕ ಸಭೆಗಳು ವಿಜ್ಞಾನ ಉಪನ್ಯಾಸದ ಇನ್ನೊಂದು ಮುಖ. ಅಲ್ಲಿ ರೈತ ಕೇಳುವವನಾಗಿ ಮಾತ್ರ ಬಂದಿರಲಿಲ್ಲ. ಮಟ್ಟು ಗುಳ್ಳಕ್ಕೆ ಮರುವರ್ಷ ಭೌಗೋಳಿಕ ಸೂಚಕದ ಮಾನ್ಯತೆ ದೊರೆತದ್ದು, ಅದು ಯಾವ ಮಣ್ಣಿನದು, ಉಳಿದ ಬದನೆಗಿಂತ ಹೇಗೆ ಬೇರೆ ಎಂಬುದನ್ನು ಬರೆದು ತೋರಿಸಿದ್ದರಿಂದ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳವಾದದ್ದು. ಕಾಲೇಜಿನವರು ಬಂದು ಹೆಸರಿಡುವ ಮುಂಚೆಯೇ ಈ ನೆಲದವರಿಗೆ ಎಲ್ಲ ಗೊತ್ತಿತ್ತು, ಹೊರಸಂಚಾರವೆಂಬುದು ಓದಿದವರ ಭಾನುವಾರದ ಹವ್ಯಾಸ ಎಂಬ ಮಾತು. ಇದರಲ್ಲಿ ಬಹಳ ಸತ್ಯವಿದೆ. ಮಲ್ಪೆಯ ಮೊಗವೀರರಿಗೆ ನೀರಿನ ಬಣ್ಣ ನೋಡಿ ಮೀನಿನ ಸುಳಿವು ಹೇಳುವ ಜ್ಞಾನ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಆಟಿ ಅಮಾವಾಸ್ಯೆಯ ಬೆಳಗಿನ ಜಾವ ಪಾಲೆಮರದ ತೊಗಟೆಯನ್ನು ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡುವ ಪದ್ಧತಿ ಮನೆಮನೆಯಲ್ಲಿ ನಡೆದು ಬಂದಿದೆ. ಆದರೆ ಆ ತಿಳಿವಳಿಕೆ ಹಿಂದಿನಷ್ಟು ಗಟ್ಟಿಯಾಗಿ ಕೈದಾಟುತ್ತಿಲ್ಲ. ಮರ ಗುರುತಿಸಬಲ್ಲ ಅಜ್ಜ ಮನೆಯಲ್ಲಿಲ್ಲದಾಗ ತಪ್ಪು ತೊಗಟೆ ಕೆತ್ತುವ ಅಪಾಯವಿದೆ. ನಮ್ಮ ಗುಡ್ಡಗಳಲ್ಲಿ ವಿಷದ ಕಾಸರಕವೂ ಬೆಳೆಯುತ್ತದೆ. ನಾಗಬನಗಳ ಗತಿ ಇನ್ನೂ ಬೇಸರದ್ದು. ಬಳ್ಳಿ, ಹುತ್ತ, ಹಳೆಮರಗಳಿಂದ ತುಂಬಿದ್ದ ಬನಗಳನ್ನು ಭಕ್ತಿಯಿಂದಲೇ ಕಡಿದು, ಕಾಂಕ್ರೀಟ್ ಕಟ್ಟೆ ಕಟ್ಟಿ, ಗ್ರಾನೈಟ್ ಹಾಸುತ್ತಿದ್ದೇವೆ. ನಂಬಿಕೆ ಉಳಿದಿದೆ, ಬನ ಉಳಿದಿಲ್ಲ. ಇಂಥ ಹೊತ್ತಿನಲ್ಲಿ ಬನದ ಮರಗಳನ್ನು ಎಣಿಸಿ ಬರೆದಿಡುವುದು ಪರಂಪರೆಗೆ ಎದುರಾದ ಕೆಲಸವಲ್ಲ, ಅದಕ್ಕೆ ಸಲ್ಲುವ ಸೇವೆ. ಮೊಗವೀರರನ್ನೂ ಮದ್ದು ಬಲ್ಲ ಕೊರಗ ಹಿರಿಯರನ್ನೂ ದಾರಿ ತೋರುವವರಾಗಿ ಮಾತ್ರ ಕರೆದೊಯ್ದು, ದಾಖಲೆಯಲ್ಲಿ ಅವರ ಹೆಸರು ಬಿಡುವ ಸಂಚಾರಗಳ ಮೇಲೆ ಬರುವ ಟೀಕೆಯನ್ನು ಮಾತ್ರ ಒಪ್ಪಲೇಬೇಕು.

ಹೊರಗೆ ಹೋದದ್ದೆಲ್ಲ ನೋಡಿದಂತಾಗುವುದಿಲ್ಲ ಎಂಬುದಕ್ಕೆ ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪ ಸಾಕು. ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದ ಲಾವಾ ಅಲ್ಲಿ ಕಂಬಕಂಬವಾಗಿ ನಿಂತಿದೆ. ದೋಣಿ ತುಂಬ ಹೋಗಿ ಅದರ ಮೇಲೆ ಹತ್ತಿ ಚಿತ್ರ ತೆಗೆಸಿಕೊಂಡು ಮರಳುವವರಿಗೆ ಆ ಕಲ್ಲಿನ ವಯಸ್ಸು ಹೇಳುವವರು ಬೇಕು. ಅಂದರೆ ನಡಿಗೆಗೆ ಮಾತಿನ ನೆರವು ಬೇಕೇ ಬೇಕು, ಉಪನ್ಯಾಸವನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಭಾಷಣ ಮುಗಿದು ಚಹಾ ಕುಡಿದು ಮನೆಗೆ ಹೋಗುವುದರಲ್ಲಿ ವಿಜ್ಞಾನದ ಋಣ ತೀರಿತೆಂದು ತಿಳಿಯಬಾರದು, ಅಷ್ಟೆ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಳಿ, ತಿಳಿವಳಿಕೆಗಳ ಜನತಾ ದಾಖಲಾತಿಯೊಂದನ್ನು ಅದು ಸಿದ್ಧಪಡಿಸಬೇಕು. ಎಲ್ಲೂರಿಗೂ ಈ ಕಾನೂನು ಅನ್ವಯಿಸುತ್ತದೆ, ಮಣಿಪಾಲ ಕಾರ್ಕಳಗಳ ಸುತ್ತಲಿನ ಎಲ್ಲ ಪಂಚಾಯತಿಗಳಿಗೂ ಅನ್ವಯಿಸುತ್ತದೆ. ಮುಂದಿನ ಮಳೆಗಾಲ ಶುರುವಾಗುವ ಮುಂಚೆ ನಿಮ್ಮ ಪಂಚಾಯತಿಗೆ ಹೋಗಿ ಆ ದಾಖಲಾತಿಯನ್ನು ಕೇಳಿ ಪಡೆದು ಓದಿ. ನಿಮ್ಮೂರಿನ ಪಾದೆ, ಮದಗ, ನಾಗಬನಗಳು ಅದರಲ್ಲಿ ಇಲ್ಲದಿದ್ದರೆ ಹತ್ತಿರದ ಕಾಲೇಜಿನ ಮೇಷ್ಟ್ರನ್ನೂ ಊರಿನ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ ನೋಡಿ, ಬರೆಸಿ.