ಕೈಯಲ್ಲಿ ಬರೆದದ್ದಕ್ಕೆ ಸಾಕ್ಷಿ ಏನು?

ಈ ಸಲದ ಮಾತು ಮುಂಬೈನ ಫೋರ್ಟ್‌ನಿಂದ ಹೊರಟು, ಮೈಸೂರಿಗೆ ಹೋಗಿ, ಪ್ಯಾರಿಸ್ ಸುತ್ತಿಕೊಂಡು ನಮ್ಮ ನಿಮ್ಮ ಫೋನಿನ ಪರದೆಗೆ ಬಂದು ನಿಲ್ಲುತ್ತೆ. ವಿಷಯ ಇಷ್ಟೇ. ಒಬ್ಬ ಕಲಾವಿದ ಕೈಯಾರೆ ಬರೆದ ಚಿತ್ರ ನೋಡಿ ಜನ "ಅಯ್ಯೋ, ಇದು ಎಐ ಮಾಡಿದ್ದು ಬಿಡಿ" ಅಂದುಬಿಟ್ಟರೆ ಅವನು ಏನು ಮಾಡಬೇಕು?

ಇದು ನಿನ್ನೆ ಮೊನ್ನೆ ಹುಟ್ಟಿದ ಸಮಸ್ಯೆ ಅಂತ ನಾವು ಅಂದುಕೊಂಡಿದ್ದೀವಿ. ಯಂತ್ರ ಹೊಸದು, ನಿಜ. ಆದರೆ ಆರೋಪ ಹಳೇದು. ಎಷ್ಟು ಹಳೇದು ಅಂತ ನೋಡೋಣ.

ಸಿಎಸ್‌ಎಂಟಿ ಸ್ಟೇಷನ್‌ನಿಂದ ಹೊರಬಿದ್ದು ಡಿ.ಎನ್. ರೋಡಿನಲ್ಲಿ ಕ್ರಾಫರ್ಡ್ ಮಾರ್ಕೆಟ್ ಕಡೆ ನಡೆದರೆ ಮರಗಳ ನಡುವೆ ಒಂದು ಹಳೇ ಕ್ಯಾಂಪಸ್ ಸಿಗುತ್ತೆ. ಅದೇ ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್. ಜಮ್ಶೆಟ್ಜಿ ಜೀಜೀಭಾಯ್ ಕೊಟ್ಟ 1 ಲಕ್ಷ ರೂಪಾಯಿಯಿಂದ 1857ರಲ್ಲಿ ಶುರುವಾದ ಶಾಲೆ. ಯುರೋಪಿನಿಂದ ತಂದ ಪ್ಲಾಸ್ಟರ್ ಮೂರ್ತಿಗಳನ್ನು ಎದುರಿಗಿಟ್ಟು, ನೆರಳು ಬೆಳಕು ಒಂಚೂರೂ ತಪ್ಪದಂತೆ ಬರೆಯೋದು ಅಲ್ಲಿನ ಪಾಠ. 1872ರಿಂದ 1885ರವರೆಗೆ ಜಾನ್ ಗ್ರಿಫಿತ್ಸ್ ಅನ್ನೋ ಮೇಷ್ಟ್ರು ತನ್ನ ವಿದ್ಯಾರ್ಥಿಗಳನ್ನು ಅಜಂತಾಕ್ಕೆ ಕರ್ಕೊಂಡು ಹೋಗಿ, ಗುಹೆಯ ಚಿತ್ರಗಳನ್ನು ನಕಲು ಮಾಡಿಸಿದರು. ಇನ್ನೊಂದು ಕಡೆ ಅದೇ ಕಾಲದ ಎಷ್ಟೋ ಬ್ರಿಟಿಷ್ ಅಧಿಕಾರಿಗಳು, ಕಲಾ ಶಿಕ್ಷಕರು ಹೇಳ್ತಾ ಇದ್ದದ್ದು ಏನು? ಭಾರತೀಯರ ಕೈ ಚುರುಕು, ನಕಲು ಚೆನ್ನಾಗಿ ಮಾಡ್ತಾರೆ, ಸ್ವಂತ ಕಲ್ಪನೆ ಮಾತ್ರ ಇಲ್ಲ ಅಂತ. ನಕಲು ಮಾಡು ಅಂತ ಕೂರಿಸಿದವರೂ ಅವರೇ, ನಿನಗೆ ನಕಲು ಮಾತ್ರ ಬರುತ್ತೆ ಅಂದವರೂ ಅವರೇ. ಮನುಷ್ಯನ ಕೈಯನ್ನು ಯಂತ್ರದ ಹಾಗೆ ನೋಡೋ ಕಣ್ಣು ಆಗಲೇ ಇತ್ತು.

ಅದೇ ಶಾಲೆಯಲ್ಲಿ ಕಲಿತವರು ಸಾವಂತವಾಡಿಯ ಎಸ್.ಎಲ್. ಹಳದಣಕರ್, 1882ರಲ್ಲಿ ಹುಟ್ಟಿದವರು. ಹೆಸರು ಗೊತ್ತಿಲ್ಲದಿದ್ದರೂ ಅವರ ಒಂದು ಚಿತ್ರ ನೀವು ಖಂಡಿತ ನೋಡಿದ್ದೀರಿ. ಮೈಸೂರಿನ ಜಗನ್ಮೋಹನ ಅರಮನೆಗೆ ಸ್ಕೂಲ್ ಟ್ರಿಪ್ ಹೋಗಿದ್ದು ನೆನಪಿದೆಯಾ? ಸೀರೆಯುಟ್ಟ ಹೆಂಗಸು, ಕೈಯಲ್ಲಿ ದೀಪ, ಕುಡಿಗೆ ಗಾಳಿ ತಾಗದ ಹಾಗೆ ಇನ್ನೊಂದು ಕೈ ಅಡ್ಡ. ಬೆರಳ ಸಂದಿಯಲ್ಲಿ ಕೆಂಪು ಬೆಳಕು. ಮುಖಕ್ಕೆಲ್ಲಾ ಆ ದೀಪದ್ದೇ ಹೊಳಪು. "ಗ್ಲೋ ಆಫ್ ಹೋಪ್" ಅದರ ಹೆಸರು.

ಆ ಚಿತ್ರ ಯಾರದ್ದು ಅಂತ ನಮ್ಮವರಲ್ಲಿ ಹತ್ತು ಜನರನ್ನು ಕೇಳಿ ನೋಡಿ. "ರವಿವರ್ಮ" ಅನ್ನೋ ಉತ್ತರ ಎಷ್ಟು ಸಲ ಬರುತ್ತೆ ಲೆಕ್ಕ ಇಡಿ. ಆದರೆ ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಹಳದಣಕರ್ ಈ ಚಿತ್ರ ಬರೆದದ್ದು 1945-46ರ ಹೊತ್ತಿಗೆ. ಹತ್ತಿರ ಹತ್ತಿರ 40 ವರ್ಷದ ಅಂತರ! ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. 2018ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂದರೆ ಮೊನ್ನೆ ಮೊನ್ನೆಯವರೆಗೂ ಸಾಕ್ಷಿ ಬದುಕಿತ್ತು. ಆದರೂ ನಮ್ಮ ಬಾಯಲ್ಲಿ ಬರೋದು ರವಿವರ್ಮನ ಹೆಸರೇ.

ಇನ್ನೊಂದು ವಿಷಯ. ಅದು ಎಣ್ಣೆ ಬಣ್ಣದ ಚಿತ್ರ ಅಂತ ತುಂಬಾ ಜನ ನಂಬಿದ್ದಾರೆ. ಅಲ್ಲ, ಜಲವರ್ಣ. ಎಣ್ಣೆ ಬಣ್ಣದಲ್ಲಿ ತಪ್ಪಾದರೆ ಮೇಲೆ ಇನ್ನೊಂದು ಪದರ ಹಚ್ಚಿ ಮುಚ್ಚಬಹುದು. ಜಲವರ್ಣದಲ್ಲಿ ಆ ಸೌಲಭ್ಯ ಇಲ್ಲ, ಕಾಗದ ಕುಡಿದ ನೀರನ್ನು ವಾಪಸ್ ಕೊಡೋದಿಲ್ಲ. ಅಂಥ ಮಾಧ್ಯಮದಲ್ಲೂ ತಪ್ಪಿಲ್ಲದೆ ಬರೆಯಬಲ್ಲೆ ಅಂತ ತೋರಿಸೋಕೇ ಹಳದಣಕರ್ ಅದನ್ನು ಆರಿಸಿಕೊಂಡದ್ದು. ಫಲ ಏನಾಯ್ತು? ಕೆಲಸ ಎಷ್ಟು ಚೆನ್ನಾಗಿ ಆಯ್ತು ಅಂದರೆ, ಅದು ಅವರದ್ದು ಅಂತ ನಂಬೋದೇ ಜನಕ್ಕೆ ಕಷ್ಟವಾಯ್ತು.

ಹಳದಣಕರರ ಮೇಲೆ ಯಾರೂ ಕಳ್ಳತನದ ಆರೋಪ ಹೊರಿಸಲಿಲ್ಲ. ಅವರ ಕೆಲಸ ಇನ್ನೊಬ್ಬರ ಹೆಸರಿಗೆ ಹೋಯ್ತು, ಅಷ್ಟೇ. ಆದರೆ ಎರಡರ ಬೇರೂ ಒಂದೇ ಅಂತ ನನಗನ್ನಿಸುತ್ತೆ: ಮುಗಿದ ಚಿತ್ರವನ್ನು ಮಾತ್ರ ನೋಡಿ, ಅದು ಹೇಗೆ ಹುಟ್ಟಿತು ಅಂತ ತೀರ್ಪು ಕೊಡೋದು.

ಆರೋಪವನ್ನೇ ಹೊತ್ತವನ ಕಥೆ ಬೇಕಾದರೆ 1877ಕ್ಕೆ ಹೋಗಬೇಕು. ಆಗುಸ್ಟ್ ರೊಡಾನ್ ಆಗ ಹೆಸರಿಲ್ಲದ ಶಿಲ್ಪಿ. ಬೆಲ್ಜಿಯಂನ ಒಬ್ಬ ಸೈನಿಕನನ್ನು ಎದುರಿಗೆ ನಿಲ್ಲಿಸಿಕೊಂಡು, ಸುಮಾರು ಒಂದೂವರೆ ವರ್ಷ ದುಡಿದು, ಆಳೆತ್ತರದ ಮೂರ್ತಿ ಮಾಡಿದ. "ಕಂಚಿನ ಯುಗ" ಅಂತ ಹೆಸರು. ಮೊದಲು ಬ್ರಸೆಲ್ಸ್‌ನಲ್ಲಿ, ಆಮೇಲೆ ಪ್ಯಾರಿಸ್ ಸಲೋನ್‌ನಲ್ಲಿ ಪ್ರದರ್ಶನ. ನೋಡಿದವರು ಏನಂದರು ಗೊತ್ತಾ? ಇದು ಕೆತ್ತಿದ ಮೂರ್ತಿ ಅಲ್ಲ, ಬದುಕಿರೋ ಮನುಷ್ಯನ ಮೈಮೇಲೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದದ್ದು ಅಂತ. ಆ ಕಾಲದ "ಎಐ ಬಳಸಿದ್ದಾನೆ" ಅದು.

ರೊಡಾನ್ ಆ ಸೈನಿಕನ ಫೋಟೋ ತೆಗೆಸಿದ, ಮೈಯಿಂದ ನಿಜವಾಗಿಯೂ ತೆಗೆದ ಅಚ್ಚುಗಳನ್ನು ಪಕ್ಕಕ್ಕಿಟ್ಟು ವ್ಯತ್ಯಾಸ ನೋಡಿ ಅಂದ. ಅದರಿಂದ ಬಗೆಹರಿಯಲಿಲ್ಲ. ಕೊನೆಗೆ ಅವನನ್ನು ಉಳಿಸಿದ್ದು ಬೇರೆ ಶಿಲ್ಪಿಗಳು. ಅವನ ಕೈ ಕೆಲಸ ಮಾಡೋದನ್ನು ಕಣ್ಣಾರೆ ಕಂಡ ಆಲ್ಫ್ರೆಡ್ ಬೂಷೆಯಂಥವರು, ಇವನಿಗೆ ಇದು ಬರುತ್ತೆ ಅಂತ ಸಾಕ್ಷಿ ಹೇಳಿದರು. 1880ರಲ್ಲಿ ಫ್ರೆಂಚ್ ಸರ್ಕಾರ ಆ ಮೂರ್ತಿಯನ್ನು ಕೊಂಡುಕೊಂಡಿತು.

ಗೆದ್ದ ಅಂತೀರಾ? ಸ್ವಲ್ಪ ತಡೀರಿ. ಅದಾದ ಮೇಲೆ ರೊಡಾನ್ ಸಂತ ಯೋಹಾನನ ಮೂರ್ತಿಯನ್ನು ಆಳಿಗಿಂತ ದೊಡ್ಡದಾಗಿ ಮಾಡಿದ. ಯಾಕೆ? ಅಷ್ಟು ದೊಡ್ಡ ಮನುಷ್ಯ ಇರೋದಿಲ್ಲ, ಹಾಗಾಗಿ ಅಚ್ಚು ತೆಗೆದ ಅಂತ ಯಾರೂ ಹೇಳೋ ಹಾಗಿಲ್ಲ! ಆರೋಪ ಸುಳ್ಳಾಯ್ತು, ಆದರೂ ಕಲಾವಿದನ ಕೈಯನ್ನು ಅದು ಅಲುಗಿಸಿತು. ನನ್ನ ಪ್ರಕಾರ ಇಡೀ ಕಥೆಯಲ್ಲಿ ನೆನಪಿಡಬೇಕಾದ್ದು ಇದೇ.

ಈಗ ನಮ್ಮ ಕಾಲಕ್ಕೆ ಬನ್ನಿ. 2022ರ ಡಿಸೆಂಬರ್‌ನಲ್ಲಿ, ಬೆನ್ ಮೊರಾನ್ ಅನ್ನೋ ಹೆಸರಿನಲ್ಲಿ ಕೆಲಸ ಮಾಡೋ ವಿಯೆಟ್ನಾಂನ ಕಲಾವಿದರೊಬ್ಬರ ಚಿತ್ರವನ್ನು ಒಂದು ದೊಡ್ಡ ಆನ್‌ಲೈನ್ ಕಲಾ ವೇದಿಕೆ ಎಐ ಅಂತ ತೆಗೆದುಹಾಕಿತು. ಬೇಕಾದರೆ ಲೇಯರ್ ಲೇಯರ್ ಇರೋ ಮೂಲ ಫೈಲ್ ತೋರಿಸ್ತೀನಿ ಅಂದರು. ಬಂದ ಉತ್ತರದ ಸಾರ: ನೀವೇ ಬರೆದಿದ್ದರೂ ನೋಡೋಕೆ ಎಐ ಥರಾನೇ ಇದೆ, ಬೇರೆ ಶೈಲಿ ಹುಡುಕಿಕೊಳ್ಳಿ. ರೊಡಾನ್ ತಾನಾಗಿಯೇ ಬದಲಾದ. ಇವರಿಗೆ ಬದಲಾಗು ಅಂತ ಅಪ್ಪಣೆ.

ಇದು ಎಷ್ಟು ತಲೆಕೆಳಗು ನೋಡಿ. ಈ ಎಐ ಮಾಡೆಲ್‌ಗಳು ಕಲಿತದ್ದು ಯಾರಿಂದ? 2022ರಲ್ಲಿ ಬಂದ ಲಯಾನ್-5ಬಿ ಡೇಟಾಸೆಟ್‌ನಲ್ಲಿ 585 ಕೋಟಿ ಚಿತ್ರಗಳ ಲಿಂಕ್ ಮತ್ತು ವಿವರಣೆ ಇದ್ದವು. ಅದರಲ್ಲಿ ಮನುಷ್ಯರ ಕೆಲಸವೇ ತುಂಬಿತ್ತು. ಪೋಲೆಂಡಿನ ಗ್ರೆಗ್ ರುಟ್ಕೋವ್‌ಸ್ಕಿ ಹೆಸರನ್ನು ಅದೇ ವರ್ಷ ಜನ ಪ್ರಾಂಪ್ಟ್‌ಗಳಲ್ಲಿ ಸುಮಾರು 93,000 ಸಲ ಬಳಸಿದ್ದರು ಅಂತ ವರದಿಯಾಯ್ತು. ಯಂತ್ರ ಕಲಾವಿದನನ್ನು ಹೋಲುತ್ತೆ. ಆದರೆ ನಾವು ಕಲಾವಿದನನ್ನು ಹಿಡಿದು, ನೀನು ಯಂತ್ರವನ್ನು ಹೋಲ್ತೀಯ ಅಂತೀವಿ.

ಹಾಗಂತ ಅನುಮಾನ ಪಡೋದೇ ತಪ್ಪು ಅಂತ ಹೇಳ್ತಿಲ್ಲ. ಮೋಸ ನಡೆಯುತ್ತೆ. 2023ರಲ್ಲಿ ಬೋರಿಸ್ ಎಲ್ಡಾಗ್ಸೆನ್ ಎಐ ಚಿತ್ರ ಕಳಿಸಿ, ಸೋನಿ ಛಾಯಾಗ್ರಹಣ ಸ್ಪರ್ಧೆಯಲ್ಲಿ ಒಂದು ವಿಭಾಗ ಗೆದ್ದು, ಆಮೇಲೆ ತಾನೇ ಗುಟ್ಟು ಹೇಳಿ ಬಹುಮಾನ ಬೇಡ ಅಂದರು. 2024ರಲ್ಲಿ ಮೈಲ್ಸ್ ಆಸ್ಟ್ರೇ ಅದನ್ನೇ ಉಲ್ಟಾ ಮಾಡಿದರು. ನಿಜವಾದ ಫ್ಲೆಮಿಂಗೋ ಹಕ್ಕಿಯ ಫೋಟೋವನ್ನು ಎಐ ವಿಭಾಗಕ್ಕೆ ಕಳಿಸಿ ಬಹುಮಾನ ಪಡೆದರು, ಗುಟ್ಟು ಹೊರಬಿದ್ದ ಮೇಲೆ ಅನರ್ಹರಾದರು. ಎರಡೂ ಕಡೆ ಕೂತಿದ್ದವರು ಪಳಗಿದ ತೀರ್ಪುಗಾರರು. ಎರಡೂ ಕಡೆ ಕಣ್ಣು ಮೋಸ ಹೋಯ್ತು.

"ಡಿಟೆಕ್ಟರ್ ಟೂಲ್ ಇದೆಯಲ್ಲ ಸಾರ್" ಅಂತ ನಮ್ಮ ಐಟಿ ಮಂದಿ ಕೇಳ್ತಾರೆ. ಒಂದು ಲೆಕ್ಕ ಮಾಡೋಣ. 1,000 ಚಿತ್ರ ಇವೆ ಅನ್ನಿ. 100 ಎಐ, 900 ಮನುಷ್ಯರದ್ದು. ಟೂಲ್ ಎರಡೂ ಕಡೆ ನೂರಕ್ಕೆ 90 ಸಲ ಸರಿ ಹೇಳುತ್ತೆ ಅನ್ನಿ. 100 ಎಐ ಚಿತ್ರದಲ್ಲಿ 90 ಸಿಕ್ಕಿಬೀಳುತ್ತೆ. 900 ಮನುಷ್ಯರ ಚಿತ್ರದಲ್ಲೂ 90 ಸಿಕ್ಕಿಬೀಳುತ್ತೆ! ಕಟಕಟೆಯಲ್ಲಿ ನಿಂತವರಲ್ಲಿ ಅರ್ಧ ಜನ ನಿರಪರಾಧಿಗಳು. 90 ಪರ್ಸೆಂಟ್ ಆಕ್ಯುರಸಿ ಅಂತ ಸ್ಲೈಡಿನಲ್ಲಿ ಹಾಕೋಕೆ ಚೆಂದ. ಒಬ್ಬರ ಅನ್ನದ ಮೇಲೆ ತೀರ್ಪು ಕೊಡೋಕೆ ಅದು ಸಾಲದು.

ಮತ್ತೆ ಏನು ಮಾಡೋದು? ದಾರಿ ರೊಡಾನ್ ಕಥೆಯಲ್ಲೇ ಇದೆ. ಅಲ್ಲಿ ಕೆಲಸಕ್ಕೆ ಬಂದದ್ದು ಕೆಲಸ ನೋಡಿದವರ ಮಾತು. ಹಾಗಾಗಿ ಮೊದಲು ಕೇಳಿ: ಸ್ಕೆಚ್ ಇದೆಯಾ, ಹಳೇ ಕೆಲಸ ಇದೆಯಾ, ಇವರನ್ನು ಬಲ್ಲವರು ಏನಂತಾರೆ? ಸಾರ್ವಜನಿಕವಾಗಿ ಅಲ್ಲ, ಅವರನ್ನೇ, ಮರ್ಯಾದೆಯಿಂದ. ತೋರಿಸಿದರೆ ನೋಡುವ ಸೌಜನ್ಯ ಇರಲಿ. ಆರೋಪ ಮಾಡಿದವರೇ ರುಜುವಾತು ಕೊಡಬೇಕು ಅನ್ನೋದು ಕೋರ್ಟಿಗೆ ಮಾತ್ರ ಸೀಮಿತ ಅಲ್ಲ. ಎತ್ತು ಈಯ್ತು ಅಂದರೆ ಕೊಟ್ಟಿಗೇಲಿ ಕಟ್ಟು ಅನ್ನೋರು ನಾವಾಗಬಾರದು.

ಫೋರ್ಟ್‌ಗೆ ಹೋದಾಗ ಕಾಲಾಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿಗೂ ಹೋಗಿ. 1952ರಲ್ಲಿ ತೆರೆದದ್ದು. ಸರ್ ಕಾವಸ್ಜಿ ಜಹಾಂಗೀರ್ ಅವರಿಗೆ ಇದನ್ನು ಕಟ್ಟಿಸಿ ಅಂತ ಒತ್ತಾಯಿಸಿದವರಲ್ಲಿ ಹೋಮಿ ಭಾಭಾ ಜೊತೆ ಇದ್ದವರು ನಮ್ಮ ಕೆ.ಕೆ. ಹೆಬ್ಬಾರರು. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬಂದು ಜೆ.ಜೆ.ಯಲ್ಲಿ ಕಲಿತು, ಅಲ್ಲೇ ಕಲಿಸಿದವರು. ನಮ್ಮ ಹಾಗೇ ಊರು ಬಿಟ್ಟು ಬಂದವರು. ಚಿತ್ರಗಳ ಮುಂದೆ ಜನ ನಿಲ್ಲೋಕೆ ಒಂದು ಜಾಗ ಬೇಕು ಅಂತ ಅವರಿಗೆ ಅನ್ನಿಸಿತ್ತು. ಹೊರಗೆ ಫುಟ್‌ಪಾತಿನಲ್ಲೂ ಕಲಾವಿದರು ಕೂತಿರ್ತಾರೆ. ಹತ್ತು ನಿಮಿಷ ನಿಂತು ಒಬ್ಬರ ಕೈ ನೋಡಿ. ಎಲ್ಲಿ ತಡೆಯುತ್ತೆ, ಎಲ್ಲಿ ಅಳಿಸುತ್ತೆ, ಎಲ್ಲಿ ಧೈರ್ಯ ಮಾಡುತ್ತೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ನಮ್ಮ ಹಿರಿಯರು. ಮುಂದಿನ ಸಲ "ಇದು ಎಐ" ಅಂತ ಟೈಪ್ ಮಾಡೋಕೆ ಬೆರಳು ಹೋದಾಗ, ಆ ಕಡೆ ಒಂದೂವರೆ ವರ್ಷ ದುಡಿದವನೊಬ್ಬ ಇರಬಹುದು ಅನ್ನೋದು ನೆನಪಿರಲಿ.